ಹೋಗಿದ್ದು ಒಂದು ಕಲಮಿನಿಂದ, ಬಂದಿದ್ದು 50 ವರ್ಷಕ್ಕೆ

ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂದ್ರೆ ನಮ್ಮಲ್ಲಿ ಕೆಲವರಿಗೆ ಶ್ರೀತತ್ತ್ವನಿಧಿ ನೆನಪಾಗುತ್ತೆ, ಕೆಲವರಿಗೆ ಚೆಸ್. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಒಗಟುಗಳನ್ನು ಕಟ್ಟಿದ ರಾಜ ಅವರು. ಅವರ ರಾಜ್ಯ ಕೈತಪ್ಪಿದ ಕಥೆ ಮಾತ್ರ ನಮಗೆ ಅಷ್ಟಾಗಿ ಗೊತ್ತಿಲ್ಲ. ಅದರಲ್ಲಿ ನಮ್ಮ ತರೀಕೆರೆಗೂ ಪಾಲಿದೆ.

ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಇನ್ನೂ ಐದು ತುಂಬದ ಈ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿ ಪಟ್ಟಕ್ಕೆ ಕೂರಿಸಿತು. ಜೊತೆಗೇ ಒಂದು ಒಪ್ಪಂದವೂ ಆಯ್ತು. ಮೈಸೂರಿನ ರಕ್ಷಣೆ ಕಂಪನಿಯದು, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ನಾವು ಗಮನಿಸಬೇಕಾದ್ದು 4 ಮತ್ತು 5ನೇ ಕಲಮುಗಳನ್ನು. ಆ ಹಣಕ್ಕೆ ಕೊರತೆ ಬರಬಹುದು ಅಂತ ಗವರ್ನರ್ ಜನರಲ್‌ಗೆ ಅನ್ನಿಸಿದರೆ ರಾಜ್ಯದ ಆಡಳಿತವನ್ನೇ ತಗೋಬಹುದಿತ್ತು. ಬಾಕಿ ಬೀಳಬೇಕು ಅಂತೇನಿಲ್ಲ, ಅನುಮಾನ ಬಂದರೆ ಸಾಕು!

1811ರವರೆಗೆ ದಿವಾನ್ ಪೂರ್ಣಯ್ಯ ಆಡಳಿತ ನೋಡಿಕೊಂಡರು. ಆಮೇಲೆ ಮುಮ್ಮಡಿಯವರದೇ ಆಳ್ವಿಕೆ. ಇಲ್ಲಿ ಅವರನ್ನು ಪೂರ್ತಿ ಸಮರ್ಥಿಸೋಕಾಗಲ್ಲ. ದಾನ-ಇನಾಮುಗಳಿಗೆ ಕೈ ಬಿಚ್ಚಿ ಖರ್ಚಾಯಿತು, ಸೈನಿಕರ ಸಂಬಳ ಬಾಕಿ ಬಿತ್ತು. ಇಷ್ಟು ಕಂದಾಯ ತಂದೇ ತರ್ತೀನಿ ಅಂತ ಅಮಲ್ದಾರರು ಒಪ್ಪಿಕೊಳ್ಳುವ 'ಶರತ್ತು' ಪದ್ಧತಿಯಲ್ಲಿ ಹಿಂಡಿಸಿಕೊಂಡವರು ರೈತರು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ತಿರುಗಿಬಿದ್ದರು. ಬೂದಿ ಬಸಪ್ಪ ನಾಯಕ ಮುಂದೆ ನಿಂತ. ಅಧಿಕಾರ ಕಳೆದುಕೊಂಡಿದ್ದ ತರೀಕೆರೆ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ಸೇರಿಕೊಂಡ.

ದಂಗೆ ಅಡಗಿಸಲು ಕಂಪನಿ ಸೈನ್ಯ ಬಂತು. ಹಿಂದೆಯೇ, 1831ರ ಅಕ್ಟೋಬರ್‌ನಲ್ಲಿ, ಗವರ್ನರ್ ಜನರಲ್ ಬೆಂಟಿಂಕ್ ಆ ಹಳೇ ಕಲಮು ತೋರಿಸಿ ಇಡೀ ರಾಜ್ಯವನ್ನೇ ವಹಿಸಿಕೊಂಡ. ಅನುಮಾನ ಪಟ್ಟವರೂ ಅವರೇ, ತೀರ್ಪು ಕೊಟ್ಟವರೂ ಅವರೇ. ಆಮೇಲೆ ಕಂಪನಿಯದೇ ಸಮಿತಿ ವಿಚಾರಣೆ ಮಾಡಿ, ರಾಜರ ಮೇಲಿನ ಆರೋಪಗಳು ಅತಿಯಾಗಿದ್ದವು ಅಂತ 1833ರಲ್ಲಿ ವರದಿ ಕೊಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ವಾಪಸ್ ಕೊಡೋಣ ಅಂತ ಬೆಂಟಿಂಕನೇ ಸೂಚಿಸಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಅಲ್ಲಿಂದ ಮೈಸೂರು ಕಮಿಷನರ್ ಆಡಳಿತಕ್ಕೆ ಸೇರಿತು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆಳಿದ. ರಸ್ತೆಗಳಾದವು, ಲೆಕ್ಕಪತ್ರ ಸರಿಹೋಯ್ತು, ಇದನ್ನೂ ಒಪ್ಪಬೇಕು. ಮುಂದಿನ ಕಮಿಷನರ್ ಬೌರಿಂಗ್ ಕಾಲದಲ್ಲಿ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ಸೀಮೆ 'ಕಡೂರು ಜಿಲ್ಲೆ' ಆಯಿತು. ಆದರೆ ತೀರ್ಮಾನಗಳೆಲ್ಲ ದೂರದಲ್ಲಿ ಆಗ್ತಿದ್ದವು. ಇವತ್ತು ಅಜ್ಜಂಪುರದ ಕೇಂದ್ರದಲ್ಲಿ ನಾವು ನೋಡುವ ಅಮೃತಮಹಲ್ ರಾಸುಗಳ ಉದಾಹರಣೆಯನ್ನೇ ತಗೊಳ್ಳಿ. ಮದ್ರಾಸಿನವರು ಖರ್ಚು ಉಳಿಸೋಕೆ ಅಂತ 1860ರಲ್ಲಿ ಆ ಹಿಂಡುಗಳನ್ನೇ ಮಾರಿದರು. ತೋಪು ಎಳೆಯೋಕೆ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯ್ತು.

ಮುಮ್ಮಡಿಯವರು ಅರ್ಜಿ ಬರೆಯುವುದನ್ನು ಬಿಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತಗೊಂಡರು. 1867ರಲ್ಲಿ ಲಂಡನ್ ಆ ದತ್ತನ್ನು ಒಪ್ಪಿತು. ಮರುವರ್ಷ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ರಾಜ್ಯ ಮರಳಿ ಬಂದಿದ್ದು 1881ರಲ್ಲಿ, ಅದೂ ಹೊಸ ಷರತ್ತುಗಳ ಜೊತೆ.

ನಾವು ಸಿವಿಕ್ಸ್‌ನಲ್ಲಿ ಓದಿದ 356ನೇ ವಿಧಿಯೂ ಇಂಥದೇ ಅಧಿಕಾರ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರ ಬಿದ್ದಿದ್ದು ಅದರಿಂದಲೇ. ಒಂದು ವ್ಯತ್ಯಾಸ ಇತ್ತು, ಅವರಿಗೆ ಹೋಗೋಕೆ ಕೋರ್ಟ್ ಇತ್ತು. ಬಹುಮತ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ಕೇಂದ್ರದ ಆದೇಶವನ್ನೂ ಕೋರ್ಟ್ ಪರಿಶೀಲಿಸಬಹುದು ಅಂತ 1994ರಲ್ಲಿ ತೀರ್ಪು ಬಂತು. ರಾಜ್ಯ ಸರ್ಕಾರ ತಪ್ಪೇ ಮಾಡಲ್ಲ ಅಂತ ನಾವು ಹೇಳ್ತಿಲ್ಲ. ತಪ್ಪಾಗಿದೆ ಅಂತ ನಿರ್ಧರಿಸುವವರು ಮತ್ತು ಅಧಿಕಾರ ತಗೊಳ್ಳುವವರು ಒಬ್ಬರೇ ಆಗಬಾರದು ಅಷ್ಟೇ. ಮುಮ್ಮಡಿಯವರಿಗೆ ಸಿಗದೇ ಹೋದದ್ದು ಆ ಮೂರನೆಯವರು.