ಗೋಲಿನ ಕಾವಲುಗಾರ ಪೀಟರ್ ತಂಗರಾಜ್

ಮಕ್ಕಳೇ, ಸಂಜೆ ಶಾಲೆ ಬಿಟ್ಟ ಮೇಲೆ ನೀವು ಬಯಲಿನಲ್ಲಿ ಚೆಂಡಾಟ ಆಡುವುದುಂಟು. ರಾಯದುರ್ಗದ ಬೆಟ್ಟದ ಕೆಳಗಿನ ಬಯಲಾಗಲಿ, ಮಡಕಶಿರಾದ ಬೆಟ್ಟದ ಬಳಿಯ ಬಯಲಾಗಲಿ, ಆಟ ಒಂದೇ. ಎರಡು ಕಲ್ಲುಗಳನ್ನು ದೂರ ದೂರ ಇಟ್ಟರೆ ಗೋಲು ಸಿದ್ಧವಾಗುತ್ತದೆ. ಆದರೆ ಆಟ ಶುರುವಾಗುವ ಮೊದಲೇ ಒಂದು ಜಗಳ ಹುಟ್ಟುತ್ತದೆ. ಗೋಲಿನಲ್ಲಿ ಯಾರು ನಿಲ್ಲಬೇಕು? ಎಲ್ಲರಿಗೂ ಓಡಿ ಓಡಿ ಚೆಂಡು ಒದೆಯುವ ಆಸೆ. ನಿಂತು ಕಾಯುವ ಕೆಲಸ ಯಾರಿಗೂ ಬೇಡ.

ಗೋಲು ಕಾಯುವ ಆಟಗಾರನಿಗೆ ಗೋಲ್‌ಕೀಪರ್ ಎನ್ನುತ್ತಾರೆ. ದೊಡ್ಡ ಮೈದಾನದಲ್ಲಿ ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ. ಅಷ್ಟು ದೊಡ್ಡ ಬಾಗಿಲನ್ನು ಒಬ್ಬನೇ ಕಾಯಬೇಕು. ಮುಂದಿನ ಸಾಲಿನ ಆಟಗಾರ ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಜನ ಅವನನ್ನು ಹೊಗಳುತ್ತಾರೆ. ಗೋಲ್‌ಕೀಪರ್ ಹತ್ತು ಸಲ ಚೆಂಡು ತಡೆದು ಒಂದು ಸಲ ತಪ್ಪಿದರೆ ಜನ ಆ ಒಂದನ್ನೇ ನೆನೆಯುತ್ತಾರೆ. ಇಂತಹ ಕಷ್ಟದ ಜಾಗದಲ್ಲಿ ನಿಂತು ದೇಶಕ್ಕೆ ಹೆಸರು ತಂದವರು ಪೀಟರ್ ತಂಗರಾಜ್.

ತಂಗರಾಜ್ ಅವರು 1935ನೇ ಇಸವಿ ಡಿಸೆಂಬರ್ 24ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಹೈದರಾಬಾದು ನಿಜಾಮರ ಸಂಸ್ಥಾನದ ರಾಜಧಾನಿಯಾಗಿತ್ತು. ಹೈದರಾಬಾದ್ ಮತ್ತು ಅದಕ್ಕೆ ಹೊಂದಿಕೊಂಡ ಸಿಕಂದರಾಬಾದಿನಲ್ಲಿ ಆ ಕಾಲದಲ್ಲಿ ಫುಟ್‌ಬಾಲ್ ಆಟಕ್ಕೆ ಬಹಳ ಮರ್ಯಾದೆ ಇತ್ತು. ಬಾಲಕ ತಂಗರಾಜ್‌ಗೂ ಅದೇ ಹುಚ್ಚು ಹಿಡಿಯಿತು. ಸಿಕಂದರಾಬಾದಿನ ಸಣ್ಣ ಕ್ಲಬ್ಬುಗಳಲ್ಲಿ ಅವರು ಆಟ ಕಲಿತರು.

1953ರಲ್ಲಿ ತಂಗರಾಜ್ ಭಾರತದ ಸೇನೆಯನ್ನು ಸೇರಿದರು. ನೀಲಗಿರಿ ಬೆಟ್ಟಗಳಲ್ಲಿ ಕೂನೂರಿನ ಹತ್ತಿರ ವೆಲಿಂಗ್ಟನ್ ಎಂಬ ಊರಿದೆ. ಅಲ್ಲಿ ಮದರಾಸ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಆ ಕೇಂದ್ರದ ತಂಡದಲ್ಲಿ ತಂಗರಾಜ್ ಆಡತೊಡಗಿದರು. ಅವರು ಆಗ ಯಾವ ಜಾಗದಲ್ಲಿ ಆಡುತ್ತಿದ್ದರು ಗೊತ್ತೇ? ಮುಂದಿನ ಸಾಲಿನ ನಡುವಿನಲ್ಲಿ. ಎದುರಾಳಿಯ ಗೋಲಿಗೆ ಚೆಂಡು ಹೊಡೆಯುವುದೇ ಅವರ ಕೆಲಸವಾಗಿತ್ತು.

ಸೇನೆಯ ತಂಡದಲ್ಲಿಯೇ ಅವರ ಜಾಗ ಬದಲಾಯಿತು. ಗೋಲು ಹೊಡೆಯುತ್ತಿದ್ದವರು ಗೋಲು ಕಾಯುವವರಾದರು. ಅವರು ಆರು ಅಡಿಗೂ ಹೆಚ್ಚು ಎತ್ತರದ ಆಳು. ಉದ್ದನೆಯ ಕೈಗಳು, ಗಟ್ಟಿಯಾದ ಕಾಲುಗಳು. ಎತ್ತರದಲ್ಲಿ ಬರುವ ಚೆಂಡು ಇತರರ ತಲೆಗೆ ತಾಗುವ ಮೊದಲೇ ಅವರ ಕೈಗೆ ಸಿಗುತ್ತಿತ್ತು. ಅವರು ಗೋಲಿನ ಬಳಿಯಿಂದ ಒದ್ದ ಚೆಂಡು ಮೈದಾನದ ಮಧ್ಯದ ಗೆರೆಯನ್ನು ದಾಟಿ ಬಹು ದೂರ ಹೋಗಿ ಬೀಳುತ್ತಿತ್ತು. ಮುಂದಿನ ಸಾಲಿನಲ್ಲಿ ಆಡಿದ ಅನುಭವವೂ ವ್ಯರ್ಥವಾಗಲಿಲ್ಲ. ಎದುರಾಳಿ ಚೆಂಡನ್ನು ಯಾವ ಕಡೆಗೆ ಹೊಡೆಯಬಹುದು ಎಂದು ಊಹಿಸಲು, ತಾನೂ ಹಾಗೆ ಹೊಡೆದವನಿಗೆ ಸುಲಭವಲ್ಲವೇ?

ಡ್ಯುರಾಂಡ್ ಕಪ್ ನಮ್ಮ ದೇಶದ ಬಹಳ ಹಳೆಯ ಫುಟ್‌ಬಾಲ್ ಪಂದ್ಯಾವಳಿ. ಅದು 1888ರಲ್ಲಿ ಸಿಮ್ಲಾದಲ್ಲಿ ಪ್ರಾರಂಭವಾಯಿತು. ಮದರಾಸ್ ರೆಜಿಮೆಂಟಿನ ಕೇಂದ್ರದ ತಂಡ 1955ರಲ್ಲಿ ಮತ್ತು 1958ರಲ್ಲಿ ಆ ಕಪ್ಪನ್ನು ಗೆದ್ದಿತು. ಎರಡು ಸಲವೂ ತಂಗರಾಜ್ ತಂಡದಲ್ಲಿದ್ದರು. ಮುಂದೆ 1960ನೇ ಸಾಲಿನಲ್ಲಿ ಸೇನಾಪಡೆಗಳ ತಂಡ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಗ ತಂಡದ ನಾಯಕರು ತಂಗರಾಜ್ ಅವರೇ.

ಭಾರತದ ತಂಡ 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಿಗೆ ಹೋಗಿತ್ತು. ಅಲ್ಲಿ ನಮ್ಮ ಗೋಲು ಕಾದವರು ಮೈಸೂರಿನ ಕಡೆಯ ಆಟಗಾರ ಕೆ. ವಿ. ವರದರಾಜ್. ಆ ಕಾಲದಲ್ಲಿ ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಲ್ಲೇ ಆಡುತ್ತಿದ್ದರು. ಎಂಟು ವರ್ಷಗಳ ನಂತರ, 1956ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಆ ತಂಡಕ್ಕೆ ತಂಗರಾಜ್ ಆಯ್ಕೆಯಾದರು. ಆಗ ಅವರಿಗೆ ಇನ್ನೂ 21 ವರ್ಷ ತುಂಬಿರಲಿಲ್ಲ. ಭಾರತವು ಆಸ್ಟ್ರೇಲಿಯಾವನ್ನು 4-2 ಗೋಲುಗಳಿಂದ ಸೋಲಿಸಿ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಅಷ್ಟು ದೂರ ಹೋದ ಮೊದಲ ಏಷ್ಯಾದ ದೇಶ ನಮ್ಮದು. ಕೊನೆಗೆ ಭಾರತಕ್ಕೆ ನಾಲ್ಕನೆಯ ಸ್ಥಾನ ಸಿಕ್ಕಿತು. 1958ರಲ್ಲಿ ತಂಗರಾಜ್ ಅವರನ್ನು ಏಷ್ಯಾದ ಅತ್ಯುತ್ತಮ ಗೋಲ್‌ಕೀಪರ್ ಎಂದು ಗುರುತಿಸಲಾಯಿತು.

1960ರಲ್ಲಿ ರೋಮ್ ನಗರದ ಒಲಿಂಪಿಕ್ ಕ್ರೀಡೆಗಳಲ್ಲೂ ಅವರು ಭಾರತದ ಗೋಲು ಕಾದರು. ಮೈಸೂರು ರಾಜ್ಯದ ಕೆಂಪಯ್ಯ ಅವರೂ ಆ ತಂಡದಲ್ಲಿದ್ದರು. ಎದುರಾಳಿಗಳೆಲ್ಲರೂ ಬಲಶಾಲಿಗಳು. ಹಂಗೆರಿಯ ಎದುರು ಭಾರತ 1-2ರಿಂದ ಸೋತಿತು. ಫ್ರಾನ್ಸಿನೊಡನೆ ಪಂದ್ಯ 1-1ರಿಂದ ಸಮನಾಯಿತು. ಪೆರು ದೇಶದ ಎದುರು 1-3ರಿಂದ ಸೋಲಾಯಿತು. ಭಾರತ ಪದಕ ಗೆಲ್ಲಲಿಲ್ಲ. ಆದರೆ ಯೂರೋಪಿನ ದೊಡ್ಡ ತಂಡಗಳ ಮುಂದೆ ನಮ್ಮವರು ಅಂಜದೆ ನಿಂತರು.

ತಂಗರಾಜ್ ಅವರ ಜೀವನದ ಅತಿ ದೊಡ್ಡ ದಿನ ಬಂದದ್ದು 1962ರಲ್ಲಿ. ಆ ವರ್ಷ ಇಂಡೋನೇಷಿಯಾದ ಜಕಾರ್ತಾ ನಗರದಲ್ಲಿ ಏಷ್ಯಾದ ಕ್ರೀಡೆಗಳು ನಡೆದವು. ನಮ್ಮ ತಂಡದ ನಾಯಕರು ಚುನಿ ಗೋಸ್ವಾಮಿ. ತಂಡವನ್ನು ತಿದ್ದಿ ಬೆಳೆಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ಮೊದಲು ಶಾಲಾ ಉಪಾಧ್ಯಾಯರಾಗಿದ್ದರು. ಎಲ್ಲರೂ ಅವರನ್ನು ರಹೀಮ್ ಸಾಹೇಬರು ಎಂದು ಗೌರವದಿಂದ ಕರೆಯುತ್ತಿದ್ದರು.

ಮೊದಲ ಪಂದ್ಯದಲ್ಲಿಯೇ ಭಾರತ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಅದರ ಮೇಲೆ ತಂಗರಾಜ್‌ಗೆ ಜ್ವರ ಬಂದಿತು. ಅವರು ಹಾಸಿಗೆ ಹಿಡಿದಾಗ ಪ್ರದ್ಯುತ್ ಬರ್ಮನ್ ಎಂಬ ಇನ್ನೊಬ್ಬ ಗೋಲ್‌ಕೀಪರ್ ಆಡಿದರು. ಬರ್ಮನ್ ಚೆನ್ನಾಗಿಯೇ ಆಡಿದರು. ಭಾರತವು ಥಾಯ್ಲೆಂಡ್, ಜಪಾನ್ ಮತ್ತು ದಕ್ಷಿಣ ವಿಯೆಟ್ನಾಂ ತಂಡಗಳನ್ನು ಸೋಲಿಸಿ ಅಂತಿಮ ಪಂದ್ಯಕ್ಕೆ ಬಂದಿತು. ಅಲ್ಲಿ ಎದುರಾದುದು ಮತ್ತೆ ಅದೇ ದಕ್ಷಿಣ ಕೊರಿಯಾ!

ಈಗ ರಹೀಮ್ ಸಾಹೇಬರ ಮುಂದೆ ಒಂದು ಪ್ರಶ್ನೆ ಇತ್ತು. ಗೋಲಿನಲ್ಲಿ ಯಾರನ್ನು ನಿಲ್ಲಿಸಬೇಕು? ಗೆಲ್ಲುತ್ತಾ ಬಂದ ಬರ್ಮನ್ ಅವರನ್ನೋ, ಜ್ವರದಿಂದ ಎದ್ದ ತಂಗರಾಜ್ ಅವರನ್ನೋ? ರಹೀಮ್ ಸಾಹೇಬರು ಎತ್ತರದ ತಂಗರಾಜ್ ಅವರನ್ನು ಆರಿಸಿದರು. ಆಟದಲ್ಲಿ ಸೋತರೆ ಇಬ್ಬರಿಗೂ ಕೆಟ್ಟ ಹೆಸರು ಬರುತ್ತಿತ್ತು. ಆದರೂ ತಂಗರಾಜ್ ಹಿಂಜರಿಯಲಿಲ್ಲ.

1962ರ ಸೆಪ್ಟೆಂಬರ್ 4ರಂದು ಆ ಪಂದ್ಯ ನಡೆಯಿತು. ಸುತ್ತಲೂ ಸುಮಾರು ಒಂದು ಲಕ್ಷ ಜನ. ಇಂಡೋನೇಷಿಯಾವು ಇಸ್ರೇಲ್ ಮತ್ತು ತೈವಾನ್ ದೇಶಗಳ ಆಟಗಾರರನ್ನು ಕ್ರೀಡೆಗಳಿಗೆ ಸೇರಿಸಿಕೊಂಡಿರಲಿಲ್ಲ. ಅದು ಸರಿಯಲ್ಲವೆಂದು ಭಾರತದ ಒಬ್ಬ ಅಧಿಕಾರಿ ಹೇಳಿದ್ದರು. ಅದರಿಂದ ಅಲ್ಲಿಯ ಜನರಿಗೆ ಭಾರತದ ಮೇಲೆ ಸಿಟ್ಟು ಬಂದಿತ್ತು. ನಮ್ಮ ಆಟಗಾರರು ಮೈದಾನಕ್ಕೆ ಇಳಿದಾಗ ಅವರು ಕೂಗಾಡಿ ಹೀಯಾಳಿಸಿದರು.

ನಮ್ಮವರು ಆ ಕೂಗಿಗೆ ಆಟದಿಂದಲೇ ಉತ್ತರ ಕೊಟ್ಟರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಸ್ವಲ್ಪ ಹೊತ್ತಿನಲ್ಲಿಯೇ ಜರ್ನೈಲ್ ಸಿಂಗ್ ಇನ್ನೊಂದು ಗೋಲು ಹೊಡೆದರು. ಅವರ ತಲೆಗೆ ಹಿಂದಿನ ಪಂದ್ಯವೊಂದರಲ್ಲಿ ಗಾಯವಾಗಿ ಹೊಲಿಗೆ ಹಾಕಲಾಗಿತ್ತು. ಇನ್ನು ಉಳಿದ ಕೆಲಸ ಹಿಂದಿನವರದು. ಒಂದು ಗಂಟೆಗೂ ಹೆಚ್ಚು ಕಾಲ ತಂಗರಾಜ್ ಮತ್ತು ಅವರ ಮುಂದಿದ್ದ ಸಂಗಡಿಗರು ಕೊರಿಯಾದವರಿಗೆ ಗೋಲು ಬಿಟ್ಟುಕೊಡಲಿಲ್ಲ. ಆಟ ಮುಗಿಯಲು ಐದು ನಿಮಿಷ ಇರುವಾಗ ಕೊರಿಯಾ ಒಂದು ಗೋಲು ಗಳಿಸಿತು. ಇನ್ನೊಂದು ಗೋಲಾದರೆ ಪಂದ್ಯ ಸಮನಾಗುತ್ತಿತ್ತು. ಆ ಐದು ನಿಮಿಷ ಎಷ್ಟು ಉದ್ದವಾಗಿ ಕಂಡಿರಬೇಕು! ಆದರೆ ಇನ್ನೊಂದು ಗೋಲು ಆಗಲಿಲ್ಲ. ಭಾರತ 2-1ರಿಂದ ಗೆದ್ದು ಚಿನ್ನದ ಪದಕ ಪಡೆಯಿತು. ಏಷ್ಯಾದ ಕ್ರೀಡೆಗಳ ಫುಟ್‌ಬಾಲಿನಲ್ಲಿ ಭಾರತ ಚಿನ್ನ ಗೆದ್ದದ್ದು ಎರಡೇ ಸಲ, 1951ರಲ್ಲಿ ಮತ್ತು 1962ರಲ್ಲಿ. ಮರುವರ್ಷವೇ ರಹೀಮ್ ಸಾಹೇಬರು ಕ್ಯಾನ್ಸರ್ ರೋಗದಿಂದ ತೀರಿಕೊಂಡರು.

1964ರಲ್ಲಿ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಭಾರತ ಎರಡನೆಯ ಸ್ಥಾನ ಪಡೆದಾಗಲೂ ತಂಗರಾಜ್ ತಂಡದಲ್ಲಿದ್ದರು. ಕಲ್ಕತ್ತಾದಲ್ಲಿ ಮೂರು ದೊಡ್ಡ ಕ್ಲಬ್ಬುಗಳಿವೆ. ಅವು ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್. ಒಂದು ಕ್ಲಬ್ಬಿನ ಅಭಿಮಾನಿಗಳಿಗೆ ಇನ್ನೊಂದನ್ನು ಕಂಡರೆ ಆಗುವುದಿಲ್ಲ. ತಂಗರಾಜ್ ಮಾತ್ರ ಈ ಮೂರು ಕ್ಲಬ್ಬುಗಳಿಗೂ ಆಡಿದರು. 1967ರಲ್ಲಿ ಭಾರತ ಸರ್ಕಾರ ಅವರಿಗೆ ಅರ್ಜುನ ಪ್ರಶಸ್ತಿ ನೀಡಿ ಗೌರವಿಸಿತು. 1971ರ ಹೊತ್ತಿಗೆ ಅವರು ದೊಡ್ಡ ಪಂದ್ಯಗಳಿಂದ ನಿವೃತ್ತರಾದರು.

ಆಟ ನಿಲ್ಲಿಸಿದ ಮೇಲೂ ಅವರು ಮೈದಾನವನ್ನು ಬಿಡಲಿಲ್ಲ. ಬೊಕಾರೊ ಉಕ್ಕಿನ ಕಾರ್ಖಾನೆಯಲ್ಲಿ ತರಬೇತುದಾರರಾಗಿ ಆಟಗಾರರಿಗೆ ತಮ್ಮ ವಿದ್ಯೆಯನ್ನು ಕಲಿಸಿದರು. ಬೊಕಾರೊ ಈಗ ಜಾರ್ಖಂಡ್ ರಾಜ್ಯದಲ್ಲಿದೆ. ಅಲ್ಲಿಯೇ 2008ರ ನವೆಂಬರ್ 24ರಂದು ಅವರು ನಿಧನರಾದರು.

ಗೋಲು ಹೊಡೆದವರ ಹೆಸರು ಪುಸ್ತಕಗಳಲ್ಲಿ ಲೆಕ್ಕ ಸಮೇತ ಸಿಗುತ್ತದೆ. ತಡೆದ ಗೋಲುಗಳ ಲೆಕ್ಕ ಜನರ ನೆನಪಿನಲ್ಲಿ ಅಷ್ಟಾಗಿ ಉಳಿಯುವುದಿಲ್ಲ. ತಂಗರಾಜ್ ಅಂತಹ ಲೆಕ್ಕವಿಲ್ಲದ ಕೆಲಸವನ್ನು ಸುಮಾರು ಹದಿನೈದು ವರ್ಷ ಮನಸ್ಸಿಟ್ಟು ಮಾಡಿದರು. ನಾಳೆ ಸಂಜೆ ನಿಮ್ಮ ಬಯಲಿನಲ್ಲಿ ಎರಡು ಕಲ್ಲುಗಳ ನಡುವೆ ನಿಲ್ಲುವ ಸರದಿ ನಿಮಗೆ ಬಂದರೆ ಮುಖ ಸಣ್ಣದು ಮಾಡಬೇಡಿ. ಆ ಜಾಗದಲ್ಲಿ ಪೀಟರ್ ತಂಗರಾಜ್ ನಿಂತಿದ್ದರು ಎಂಬುದನ್ನು ನೆನೆಯಿರಿ.