ಬೆಟ್ಟದ ಮೇಲೊಂದು ಬಟ್ಟೆಯ ಮನೆ: ಎಡ್ವರ್ಡ್ ವಿಂಪರ್

ಮಕ್ಕಳೇ, ಜೋರು ಗಾಳಿಗೆ ಕೊಡೆ ಮೇಲ್ಮುಖವಾಗಿ ಮಡಚಿಕೊಳ್ಳುವುದನ್ನು ನೀವು ನೋಡಿದ್ದೀರಿ. ನಮ್ಮ ಊರಿನ ಗಾಳಿಗೇ ಹೀಗಾದರೆ ಹಿಮ ತುಂಬಿದ ಪರ್ವತದ ಮೇಲೆ, ಕತ್ತಲಲ್ಲಿ, ಬಟ್ಟೆಯ ಗುಡಾರವೊಂದು ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಎಡ್ವರ್ಡ್ ವಿಂಪರ್ ಮುಖ್ಯನಾದವನು.

ವಿಂಪರ್ ಹುಟ್ಟಿದ್ದು 1840ರ ಏಪ್ರಿಲ್ 27ರಂದು, ಲಂಡನ್ನಿನಲ್ಲಿ. ಹನ್ನೊಂದು ಮಕ್ಕಳಲ್ಲಿ ಎರಡನೆಯವನು. ತಂದೆಯದು ಮರದ ಅಚ್ಚು ಕೆತ್ತುವ ಕೆಲಸ. ಪುಸ್ತಕಗಳಲ್ಲಿ ಛಾಯಾಚಿತ್ರ ಮುದ್ರಿಸುವ ವಿಧಾನ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಚಿತ್ರವನ್ನು ಮರದ ತುಂಡಿನ ಮೇಲೆ ಕೆತ್ತಿ, ಮಸಿ ಹಚ್ಚಿ ಅಚ್ಚು ಹಾಕುತ್ತಿದ್ದರು. ಕೈ ಕೊಂಚ ಜಾರಿದರೂ ಇಡೀ ಕೆಲಸ ಹಾಳು. ವಿಂಪರ್ ಹದಿಹರೆಯದಲ್ಲೇ ಈ ಕಸುಬು ಕಲಿತ. ಸಣ್ಣ ಸಣ್ಣ ವಿವರಗಳನ್ನೂ ಗಮನಿಸುವ ಅಭ್ಯಾಸ ಆತನಿಗೆ ಇಲ್ಲಿಂದಲೇ ಬಂತು.

1860ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರು ಆಲ್ಪ್ಸ್ ಪರ್ವತಗಳ ಚಿತ್ರ ಬರೆದು ತರಲು ಆತನನ್ನು ಕಳಿಸಿದರು. ಆಗ ಆತನಿಗೆ ಇಪ್ಪತ್ತು ವರ್ಷ. ಚಿತ್ರ ಬರೆಯಲು ಹೋದವನು ಪರ್ವತಗಳಿಗೆ ಮನಸೋತ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ ಮ್ಯಾಟರ್‌ಹಾರ್ನ್ ಎಂಬ ಶಿಖರವಿದೆ. ಎತ್ತರ 4,478 ಮೀಟರ್. ಅಲ್ಲಿಯವರೆಗೆ ಅದರ ತುದಿಯನ್ನು ಯಾರೂ ಮುಟ್ಟಿರಲಿಲ್ಲ. ತಾನು ಅದನ್ನು ಏರಲೇಬೇಕೆಂದು ವಿಂಪರ್ ನಿಶ್ಚಯಿಸಿದ.

ಆದರೆ ಒಂದು ತೊಡಕಿತ್ತು. ಒಂದೇ ಹಗಲಿನಲ್ಲಿ ಹತ್ತಿ ಇಳಿಯುವಷ್ಟು ಸುಲಭದ ಬೆಟ್ಟ ಅದಲ್ಲ. ರಾತ್ರಿ ಬಂಡೆಗಳ ನಡುವೆಯೇ ಮಲಗಬೇಕು. 1861ರಲ್ಲಿ ಆತ ಹಗುರವಾದ ಗುಡಾರವೊಂದನ್ನು ಹೊತ್ತುಕೊಂಡು ಒಬ್ಬ ಮಾರ್ಗದರ್ಶಿಯೊಡನೆ ಹೊರಟ. ಲಂಡನ್ನಿನಲ್ಲಿ ಆ ಗುಡಾರ ಚೆನ್ನಾಗಿಯೇ ಕಂಡಿತ್ತು. ಪರ್ವತದ ಕಣಿವೆಬಾಯಿಯಲ್ಲಿ ನಿಲ್ಲಿಸಿದಾಗ ಮಾತ್ರ ಅದರ ನಿಜವಾದ ಪರೀಕ್ಷೆ ಆಯಿತು. ಕಲ್ಲುನೆಲದಲ್ಲಿ ಗೂಟಗಳು ನಿಲ್ಲಲಿಲ್ಲ. ಬಾಗಿಲ ಬಟ್ಟೆ ಪಟಪಟನೆ ಹಾರಾಡಿತು. ಗುಡಾರವೇ ಹಾರಿಹೋಗುವಂತಾದಾಗ ಇಬ್ಬರೂ ಅದನ್ನು ಕೆಳಗಿಳಿಸಿ ಅದರ ಮೇಲೆ ಕುಳಿತರು! ರಾತ್ರಿ ಅದನ್ನೇ ಕಂಬಳಿಯಂತೆ ಸುತ್ತಿಕೊಂಡು ಮಲಗಿದರು. ತಲೆಯಡಿ ಇಟ್ಟುಕೊಂಡ ಬಾಟಲಿಯ ನೀರು ಗಡ್ಡೆಕಟ್ಟಿತ್ತು.

ವಿಂಪರ್ ನಿರಾಶನಾಗಲಿಲ್ಲ. ಗುಡಾರ ಎಲ್ಲೆಲ್ಲಿ ಸೋತಿತು ಎಂದು ಯೋಚಿಸಿ ಒಂದೊಂದು ದೋಷಕ್ಕೂ ಒಂದೊಂದು ಪರಿಹಾರ ಹುಡುಕಿದ. ಹೀಗೆ ರೂಪುಗೊಂಡ ಗುಡಾರ ಹೇಗಿತ್ತು ನೋಡೋಣ.

ಅದಕ್ಕೆ ಆಶ್ ಎಂಬ ಗಟ್ಟಿಮರದ ನಾಲ್ಕು ಕೋಲುಗಳು. ಒಂದೊಂದರ ಉದ್ದ ಆರೂವರೆ ಅಡಿ. ಬುಡದಲ್ಲಿ ಕಬ್ಬಿಣದ ಮೊನೆ. ಎರಡೆರಡು ಕೋಲುಗಳನ್ನು ತುದಿಯ ಹತ್ತಿರ ಕತ್ತರಿಯಂತೆ ಜೋಡಿಸಿದ್ದ. ನೆಲದ ಅಗಲ ಆರು ಅಡಿ. ಅಂದರೆ ಗುಡಾರದ ಮುಂಭಾಗ ಹೆಚ್ಚುಕಡಿಮೆ ಸಮಬಾಹು ತ್ರಿಭುಜ. ತ್ರಿಭುಜದ ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗುವುದಿಲ್ಲ. ಆದ್ದರಿಂದ ಗಾಳಿ ತಳ್ಳಿದರೂ ಕೋಲುಗಳು ಸುಲಭವಾಗಿ ವಾಲಲಾರವು.

ಚಾವಣಿಗೆ ಹತ್ತಿಬಟ್ಟೆ. ನೆಲಹಾಸಿಗೆ ರಬ್ಬರ್ ಲೇಪಿಸಿದ, ನೀರು ಇಳಿಯದ ಬಟ್ಟೆ. ಮೊದಲೆಲ್ಲ ನೆಲಹಾಸನ್ನು ಬೇರೆಯಾಗಿ ಹಾಸುವ ವಾಡಿಕೆಯಿತ್ತು. ವಿಂಪರ್ ಅದನ್ನು ಚಾವಣಿಗೇ ಸೇರಿಸಿ ಹೊಲಿಸಿದ. ಅದರ ಅಂಚು ಗೋಡೆಯ ಮೇಲೂ ಸ್ವಲ್ಪ ಏರಿತ್ತು. ಇದರಿಂದ ಎರಡು ಲಾಭ. ಅಡಿಯಿಂದ ಗಾಳಿ, ನೀರು ನುಗ್ಗಲು ಸಂದಿಯಿಲ್ಲ. ಜೊತೆಗೆ ಒಳಗೆ ಮಲಗಿದವರ ಭಾರವೇ ಗುಡಾರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಗೂಟಗಳಿಗೆ ಬದಲಾಗಿ ಆತ ಹಗ್ಗ ಬಳಸಿದ. ಹಗ್ಗವನ್ನು ಕೋಲುಗಳ ಕವಲಿನ ಮೇಲೆ ಹಾಯಿಸಿ, ಎರಡು ತುದಿಗಳನ್ನೂ ಬಂಡೆಗೆ ಕಟ್ಟಿದರೆ ಆಯಿತು. ಹತ್ತಲು ಬೇಕಾದ ಹಗ್ಗವೇ ಮನೆಗೂ ಆಧಾರ! ಇಬ್ಬರು ಸೇರಿದರೆ ಮೂರೇ ನಿಮಿಷಗಳಲ್ಲಿ ಗುಡಾರ ಸಿದ್ಧ. ನಾಲ್ವರು ಮಲಗಬಹುದು. ತೂಕ ಸುಮಾರು 10 ಕಿಲೋಗ್ರಾಂ.

ಈ ತೂಕ ಯಾಕೆ ಮುಖ್ಯ ಗೊತ್ತೇ? ಗುಡಾರವನ್ನು ಯಾರಾದರೂ ಬೆನ್ನ ಮೇಲೆ ಹೊರಲೇಬೇಕು. ವಿಂಪರನ ಗುಡಾರವನ್ನು ಹೊತ್ತವನು ಲೂಕ್ ಮೇನೆ. ಇಟಲಿಯ ಬ್ರಾಯಿಲ್ ಎಂಬ ಹಳ್ಳಿಯವನು, ಬಡವ, ಬೆನ್ನು ಗೂನಾಗಿದ್ದವನು. ಕಡಿದಾದ ಬಂಡೆಗಳನ್ನು ಆತ ಹೊರೆಯ ಸಮೇತ ಉತ್ಸಾಹದಿಂದ ಏರುತ್ತಿದ್ದುದನ್ನು ವಿಂಪರ್ ಮೆಚ್ಚಿ ಬರೆದಿದ್ದಾನೆ.

ಹಲವು ಬಾರಿ ಸೋತ ಮೇಲೆ 1865ರ ಜುಲೈ 13ರಂದು ವಿಂಪರ್ ಮತ್ತೆ ಹೊರಟ. ಈ ಸಲ ಸ್ವಿಟ್ಜರ್ಲೆಂಡ್ ಕಡೆಯಿಂದ. ತಂಡದಲ್ಲಿ ಏಳು ಜನ. ಸುಮಾರು 11,000 ಅಡಿ ಎತ್ತರದಲ್ಲಿ ಗುಡಾರ ಹೂಡಿ ರಾತ್ರಿ ಕಳೆದರು. ಮರುದಿನ ಮಧ್ಯಾಹ್ನ ಮ್ಯಾಟರ್‌ಹಾರ್ನ್ ತುದಿಯಲ್ಲಿ ಮೊದಲ ಬಾರಿಗೆ ಮನುಷ್ಯರು ನಿಂತರು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಇಳಿಯುವಾಗ ಒಬ್ಬನ ಕಾಲು ಜಾರಿತು. ಎಲ್ಲರೂ ಒಂದೇ ಸಾಲಿನಲ್ಲಿ ಹಗ್ಗದಿಂದ ಕಟ್ಟಿಕೊಂಡಿದ್ದರು. ನಾಲ್ವರು ಒಬ್ಬರ ಹಿಂದೊಬ್ಬರು ಎಳೆಯಲ್ಪಟ್ಟರು. ಹಗ್ಗ ತುಂಡಾಯಿತು. ನಾಲ್ವರೂ ಪ್ರಪಾತಕ್ಕೆ ಬಿದ್ದು ಸತ್ತರು. ವಿಂಪರ್ ಮತ್ತು ಇಬ್ಬರು ಮಾರ್ಗದರ್ಶಿಗಳು ಉಳಿದರು. ತಂದಿದ್ದ ಮೂರು ಬಗೆಯ ಹಗ್ಗಗಳಲ್ಲಿ ತುಂಡಾದದ್ದು ಎಲ್ಲಕ್ಕಿಂತ ದುರ್ಬಲವಾದುದು. ಹೆಚ್ಚುವರಿಯಾಗಿ ಇರಲೆಂದು ತಂದಿದ್ದ ಹಗ್ಗ ಅದು. ಗುಡಾರದ ಒಂದೊಂದು ಹೊಲಿಗೆಯನ್ನೂ ಲೆಕ್ಕ ಹಾಕಿದವನ ತಂಡದಲ್ಲೇ ಆ ದಿನ ಒಂದು ಹಗ್ಗ ತಪ್ಪಾದ ಜಾಗಕ್ಕೆ ಸೇರಿತ್ತು. ಈ ದುಃಖ ವಿಂಪರನನ್ನು ಕೊನೆಯವರೆಗೂ ಕಾಡಿತು.

1879ರಲ್ಲಿ ಆತ ದಕ್ಷಿಣ ಅಮೆರಿಕದ ಈಕ್ವೆಡಾರ್‌ಗೆ ಹೋದ. ಅಲ್ಲಿನ ಚಿಂಬೊರಾಜೊ ಶಿಖರವನ್ನು ಮೊದಲು ಏರಿದ್ದು ಆತನ ತಂಡವೇ. ಬಳಿಕ ಕೋಟೊಪಾಕ್ಸಿ ಜ್ವಾಲಾಮುಖಿಯ ತುದಿಯಲ್ಲಿ ಗುಡಾರ ಹೂಡಿ ಒಂದು ರಾತ್ರಿ ಕಳೆದ. ಆಗ ರಬ್ಬರ್ ಕಾದ ವಾಸನೆ ಬಂತು! ನೆಲಹಾಸು ಮುಟ್ಟಿ ನೋಡಿದರೆ ಕರಗುವಷ್ಟು ಬಿಸಿ. ಅಡಿಯ ಬೂದಿ ಇನ್ನೂ ಕಾದಿತ್ತು. ಆತ ಗಾಬರಿಪಡುವ ಬದಲು ಉಷ್ಣತಾಮಾಪಕ ಇಟ್ಟು ಅಳೆದ. ಸುಮಾರು 43 ಡಿಗ್ರಿ ಸೆಲ್ಸಿಯಸ್. ಗುಡಾರದ ಇನ್ನೊಂದು ಬದಿಯ ನೆಲ ಮಾತ್ರ ತಣ್ಣಗೇ ಇತ್ತು.

ವಿಂಪರ್ 1911ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಶಾಮೋನಿಯಲ್ಲಿ ತೀರಿಕೊಂಡ. ಆತನ ಮಾದರಿಯ ಗುಡಾರಗಳು 1920ರ ದಶಕದಲ್ಲಿ ಎವರೆಸ್ಟ್‌ಗೆ ಹೊರಟ ಬ್ರಿಟಿಷ್ ತಂಡಗಳ ಜೊತೆಗೂ ಹೋದವು. ಇಂದು ಚಾರಣಿಗರ ಗುಡಾರಗಳಿಗೆ ನೈಲಾನ್ ಬಟ್ಟೆ, ಅಲ್ಯೂಮಿನಿಯಂ ಕೋಲು ಬಂದಿವೆ. ಇಬ್ಬರು ಮಲಗುವ ಗುಡಾರ ಎರಡು ಮೂರು ಕಿಲೋಗ್ರಾಂ ಮಾತ್ರ. ಆದರೆ ಗೋಡೆಯ ಮೇಲೆ ಸ್ವಲ್ಪ ಏರುವ, ಸೇರಿಸಿ ಹೊಲಿದ ನೆಲಹಾಸನ್ನು ಅವುಗಳಲ್ಲಿ ಈಗಲೂ ಕಾಣಬಹುದು.

ನೀವೂ ಮಾಡಿ ನೋಡಿ: ಮೂರು ಕಡ್ಡಿಗಳ ತುದಿಗಳನ್ನು ದಾರದಿಂದ ಕಟ್ಟಿ ತ್ರಿಭುಜ ಮಾಡಿ. ನಾಲ್ಕು ಕಡ್ಡಿಗಳಿಂದ ಚೌಕ ಮಾಡಿ. ಎರಡನ್ನೂ ಬದಿಯಿಂದ ಮೆಲ್ಲಗೆ ತಳ್ಳಿ. ಯಾವುದು ವಾಲಿತು? ವಾಲಿದ್ದಕ್ಕೆ ಇನ್ನೊಂದು ಕಡ್ಡಿಯನ್ನು ಎಲ್ಲಿ ಕಟ್ಟಿದರೆ ಅದೂ ಗಟ್ಟಿಯಾಗುತ್ತದೆ? ಯೋಚಿಸಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.