ತಿರುಪನ್ನು ತಿದ್ದಿದ ಹೆನ್ರಿ ಮಾಡ್‌ಸ್ಲೆ

ಮಕ್ಕಳೇ, ನಿಮ್ಮ ಸೈಕಲ್ಲಿನ ಒಂದು ನಟ್ ಕಳೆದುಹೋಯಿತು ಎನ್ನಿ. ಏನು ಮಾಡುತ್ತೀರಿ? ಅಂಗಡಿಗೆ ಹೋಗಿ ಅದೇ ಅಳತೆಯ ಇನ್ನೊಂದನ್ನು ತರುತ್ತೀರಿ. ಅದು ಹಳೆಯ ಬೋಲ್ಟಿಗೆ ಸರಿಯಾಗಿ ಕೂರುತ್ತದೆ. ಸುಮಾರು 250 ವರ್ಷಗಳ ಹಿಂದೆ ಇದು ಸಾಧ್ಯವಿರಲಿಲ್ಲ. ಪ್ರತಿ ಬೋಲ್ಟಿಗೂ ಅದಕ್ಕೆಂದೇ ಮಾಡಿದ ನಟ್ ಇರುತ್ತಿತ್ತು. ಯಂತ್ರ ಬಿಚ್ಚಿದಾಗ ಜೋಡಿ ಅದಲುಬದಲಾದರೆ ಕೆಲಸಗಾರರ ಪಾಡು ಹೇಳತೀರದು! ಈ ಪೇಚಾಟ ತಪ್ಪಿಸಲು ದಾರಿ ಮಾಡಿದವರಲ್ಲಿ ಮುಖ್ಯನಾದವನು ಹೆನ್ರಿ ಮಾಡ್‌ಸ್ಲೆ.

ಹೆನ್ರಿ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಬಳಿಯ ವೂಲಿಚ್‌ನಲ್ಲಿ. ತಂದೆ ಗಾಯಗೊಂಡ ಸೈನಿಕ. ಅಲ್ಲಿನ ಶಸ್ತ್ರಾಗಾರದ ಉಗ್ರಾಣದಲ್ಲಿ ಕೆಲಸಕ್ಕಿದ್ದರು. ಹೆನ್ರಿ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ಹನ್ನೆರಡನೇ ವಯಸ್ಸಿಗೆ, ನೀವು ಏಳನೇ ತರಗತಿಯಲ್ಲಿ ಕೂತಿರುವ ವಯಸ್ಸಿಗೆ, ಅವನು ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುತ್ತಿದ್ದ. ಆಮೇಲೆ ಮರಗೆಲಸ, ಆಮೇಲೆ ಕಮ್ಮಾರಿಕೆ. ಕುಲುಮೆಯ ಮುಂದೆ ಹುಡುಗನ ಕೈ ಪಳಗಿತು.

ಅವನಿಗೆ ಹದಿನೆಂಟಾದಾಗ ಲಂಡನ್ನಿನ ಜೋಸೆಫ್ ಬ್ರಾಮಾ ಎಂಬ ಬೀಗ ತಯಾರಕ ಕೆಲಸಕ್ಕೆ ಕರೆದ. ಬ್ರಾಮಾ ಯೋಚಿಸಿದ ಬೀಗವನ್ನು ಹೆನ್ರಿ ಎಷ್ಟು ಅಚ್ಚುಕಟ್ಟಾಗಿ ಮಾಡಿದನೆಂದರೆ, ಅಂಗಡಿಯ ಕಿಟಕಿಯಲ್ಲಿ ಬಹುಮಾನದ ಪಂಥ ಕಟ್ಟಿ ಇಟ್ಟಿದ್ದ ಆ ಬೀಗವನ್ನು 1851ರವರೆಗೆ ಕೀಲಿಯಿಲ್ಲದೆ ತೆರೆಯಲು ಯಾರಿಂದಲೂ ಆಗಲಿಲ್ಲ. ಇಷ್ಟಾದರೂ ಅವನ ಕೂಲಿ ವಾರಕ್ಕೆ 30 ಷಿಲಿಂಗ್ ಮಾತ್ರ. ಸಂಸಾರ ಬೆಳೆದಿತ್ತು. ಹೆಚ್ಚಿಗೆ ಕೇಳಿದ, ಬ್ರಾಮಾ ಒಪ್ಪಲಿಲ್ಲ. ಹೆನ್ರಿ 1797ರಲ್ಲಿ ಹೊರಬಂದು ತನ್ನದೇ ಸಣ್ಣ ಕಾರ್ಖಾನೆ ತೆರೆದ. ಇದು ಬ್ರಾಮಾನಿಗೇ ನಷ್ಟ ಎಂದು ನನಗನ್ನಿಸುತ್ತದೆ.

ಲೇತ್ ಎಂದರೆ ನಿಮಗೆ ಗೊತ್ತೇ? ವಸ್ತುವನ್ನು ತಿರುಗಿಸಿ, ಉಳಿ ತಾಗಿಸಿ ದುಂಡಗೆ ಕಡೆಯುವ ಯಂತ್ರ. ನಮ್ಮ ಮಾಗಳ, ಬಾಗಳಿ, ಕುರುವತ್ತಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆಯಲ್ಲ, ಆ ಕಾಲದ ಕಂಬಗಳನ್ನು ನೋಡಿ. ಬುಗುರಿಯಂತೆ ಕಡೆದ ನುಣುಪು! ಮಾಡ್‌ಸ್ಲೆಯ ಕಾಲದಲ್ಲೂ ಲೇತಿನ ಉಳಿಯನ್ನು ಹೆಚ್ಚಾಗಿ ಕೈಯಲ್ಲೇ ಹಿಡಿಯುತ್ತಿದ್ದರು. ಕೈ ನಡುಗಿದರೆ ಕೆಲಸ ಕೆಟ್ಟಿತು.

ಮಾಡ್‌ಸ್ಲೆ ಉಳಿಯನ್ನು ಕಬ್ಬಿಣದ ಜಾರುಮಣೆಯ ಮೇಲೆ ಬಿಗಿದ. ಆ ಜಾರುಮಣೆಯನ್ನು ಒಂದು ಉದ್ದನೆಯ ತಿರುಪು ತಳ್ಳುವಂತೆ ಮಾಡಿದ. ಹೀಗೆ ಯೋಚಿಸಿದವರಲ್ಲಿ ಅವನೇ ಮೊದಲಿಗನಲ್ಲ. ಆದರೆ ಗಟ್ಟಿಮುಟ್ಟಾಗಿ, ದಿನನಿತ್ಯ ದುಡಿಯುವಂತೆ ಮಾಡಿ ತೋರಿಸಿದವನು ಅವನು. ಮೊದಲ ಲೇತಿನಲ್ಲಿ ಬೇರೆ ಅಳತೆಯ ಬೋಲ್ಟ್ ಬೇಕಾದರೆ ಆ ಉದ್ದ ತಿರುಪನ್ನೇ ಬದಲಿಸಬೇಕಿತ್ತು. 1800ರ ಸುಮಾರಿಗೆ ಅವನು ಲೇತನ್ನು ಸುಧಾರಿಸಿದ. ಹಲ್ಲಿನ ಚಕ್ರಗಳನ್ನು ಬದಲಿಸಿದರೆ ಸಾಕು, ಒಂದೇ ತಿರುಪಿನಿಂದ ಹಲವು ಅಳತೆಗಳು ಬಂದವು.

ಇಲ್ಲೊಂದು ಒಗಟಿದೆ, ಗಮನಿಸಿದಿರಾ? ಒಳ್ಳೆಯ ತಿರುಪು ಮಾಡಲು ಒಳ್ಳೆಯ ಲೇತ್ ಬೇಕು. ಒಳ್ಳೆಯ ಲೇತಿಗೆ ಒಳ್ಳೆಯ ತಿರುಪು ಬೇಕು. ಹಾಗಾದರೆ ಮೊದಲನೆಯದು ಎಲ್ಲಿಂದ ಬರಬೇಕು? ಮಾಡ್‌ಸ್ಲೆ ಮರ ಮತ್ತು ಮೆದು ಲೋಹದ ಸರಳುಗಳ ಮೇಲೆ ಓರೆಯಾದ ಅಲಗು ಒತ್ತಿ ಸುತ್ತು ಮೂಡಿಸಿದ. ಅವುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಅದರಿಂದ ಇನ್ನೊಂದನ್ನು ಕೊರೆದ, ಅದರ ದೋಷ ತಿದ್ದಿದ. ಕೊನೆಗೆ 5 ಅಡಿ ಉದ್ದದ, ಪ್ರತಿ ಅಂಗುಲಕ್ಕೆ 50 ಸುತ್ತುಗಳಿರುವ ತಿರುಪನ್ನೂ ಮಾಡಿದ! ಅಂಗುಲದ ಹತ್ತು ಸಾವಿರದಲ್ಲೊಂದು ಭಾಗವನ್ನು ಅಳೆಯುವ ಉಪಕರಣವನ್ನೂ ರೂಪಿಸಿ ಬೆಂಚಿನ ಮೇಲಿಟ್ಟುಕೊಂಡ.

ಈ ಒಗಟು ಇಂದಿಗೂ ಇದೆ. ಮರದ ಬಾಗಿಲ ಮೇಲೆ ಹೂಬಳ್ಳಿ ಕೊರೆಯುವ ಸಿಎನ್‌ಸಿ ರೂಟರನ್ನು ಕೆಲವರು ಮನೆಯಲ್ಲೇ ಕಟ್ಟುತ್ತಾರೆ. ಅದರಲ್ಲಿ ಕಂಪ್ಯೂಟರ್ ಹೇಳಿದಂತೆ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ. ಒಂದು ಸುತ್ತಿಗೆ 8 ಮಿಲಿಮೀಟರ್ ತಳ್ಳುವ ತಿರುಪಾದರೆ ಒಂದು ಹೆಜ್ಜೆಗೆ ಎಷ್ಟು? ಭಾಗಿಸಿ ನೋಡಿ, 0.04 ಮಿಲಿಮೀಟರ್! ಆದರೆ ಅಗ್ಗದ ತಿರುಪಿನಲ್ಲಿ ನಟ್ ಸಡಿಲವಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ವೃತ್ತ ಕೊರೆಯಲು ಹೋದರೆ ಆಕಾರ ಸೊಟ್ಟಗಾಗುತ್ತದೆ. ಆಗ ಅವರು ಅದೇ ಯಂತ್ರದಿಂದ ಅದಕ್ಕೆ ಬೇಕಾದ ಉತ್ತಮ ಭಾಗಗಳನ್ನು ಕೊರೆದು, ಒಳ್ಳೆಯ ತಿರುಪು ತಂದು, ಅದಕ್ಕೇ ಜೋಡಿಸುತ್ತಾರೆ.

ಮುಂದೆ ಮಾಡ್‌ಸ್ಲೆ ಪೋರ್ಟ್ಸ್‌ಮತ್ ಬಂದರಿಗೆ ನಲವತ್ತಕ್ಕೂ ಹೆಚ್ಚು ಯಂತ್ರಗಳನ್ನು ಮಾಡಿಕೊಟ್ಟ. ಅವುಗಳ ವಿನ್ಯಾಸ ಮಾರ್ಕ್ ಬ್ರೂನೆಲ್‌ನದು. ಹಡಗಿನ ಹಗ್ಗ ಎಳೆಯುವ ರಾಟೆಗಳನ್ನು ಮಾಡುವ ಯಂತ್ರಗಳವು. 110 ಜನರ ಕೆಲಸವನ್ನು 10 ಜನ ಮಾಡತೊಡಗಿದರು. ಉಳಿದ ನೂರು ಜನ ಏನು ಮಾಡಬೇಕು? ನೀವೂ ತರಗತಿಯಲ್ಲಿ ಚರ್ಚಿಸಿ.

1831ರ ಫೆಬ್ರವರಿ 14ರಂದು ಮಾಡ್‌ಸ್ಲೆ ತೀರಿಕೊಂಡ. ವೂಲಿಚ್‌ನಲ್ಲಿ ಕಟ್ಟಿದ ಅವನ ಸಮಾಧಿ ಎರಕದ ಕಬ್ಬಿಣದ್ದಾಗಿತ್ತು, ಅದರ ವಿನ್ಯಾಸವೂ ಅವನದೇ. ಅವನ ಬಳಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ತಿರುಪಿನ ಅಳತೆಗಳಿರಲಿ ಎಂದು ಸೂಚಿಸಿದ. ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಹೆಚ್‌ಎಂಟಿಯನ್ನು ಎಲ್ಲರೂ ಕೈಗಡಿಯಾರದಿಂದ ನೆನೆಯುತ್ತಾರೆ. ಆದರೆ ಅದು ಮೊದಲು ತಯಾರಿಸಿದ್ದು ಗಡಿಯಾರವನ್ನಲ್ಲ, ಲೇತನ್ನು.